ಕದ್ದ ಸಿನಿಮಾಕ್ಕೆ ಮುಖ್ಯ ಅತಿಥಿ

ಶ್ರೀರಾಂಪುರದ ನಮ್ಮ ಬೀದಿಯವರಿಗೆ ಭಾನುವಾರದ ಸಂಜೆ ಎಂದರೆ ನಮ್ಮ ಮನೆಯ ತಾರಸಿ. ಗೋಡೆಗೆ ಬಿಳಿ ಪಂಚೆ ಬಿಗಿದು, ಪ್ರೊಜೆಕ್ಟರ್ ಇಟ್ಟು, ಆ ವಾರ ಬಿಡುಗಡೆಯಾದ ಸಿನಿಮಾ ತೋರಿಸುತ್ತಿದ್ದೆ. ಹೂಟಗಳ್ಳಿಯ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನನ್ನ ದೊಡ್ಡಸ್ತಿಕೆಯೆಲ್ಲ ಅಷ್ಟೇ. ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ "ನೆಟ್ಟಲ್ಲಿ ಬರುತ್ತೆ" ಎನ್ನುತ್ತಿದ್ದೆ, ನಲ್ಲಿಯಲ್ಲಿ ನೀರು ಬಂದ ಹಾಗೆ. ಕಳ್ಳತನವೆಂದು ನನಗೆ ಗೊತ್ತಿತ್ತು. ಕೋರ್ಟು ಒಂದು ಜಾಲತಾಣ ಮುಚ್ಚಿಸಿದರೆ ಅದು ಇನ್ನೊಂದು ಹೆಸರಿನಲ್ಲಿ ತೆರೆದುಕೊಳ್ಳುತ್ತಿತ್ತು. ನಾನೂ ಬೆನ್ನಿಗೇ ಹೋಗುತ್ತಿದ್ದೆ.

ಎದುರು ಮನೆಯಲ್ಲಿ, ಹಿಂದೆ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ಅಮ್ಮ ಒಬ್ಬರಿದ್ದಾರೆ. ಬಹಳ ವರ್ಷ ಸುಮ್ಮನಿದ್ದವರು ಮೊದಲ ಬಾರಿಗೆ ಒಂದು ಸಿನಿಮಾದಲ್ಲಿ ಅಜ್ಜಿಯಾಗಿದ್ದರು. "ಚೆನ್ನಾಗಿ ಓಡಿದ್ರೆ ಮುಂದಿನದಕ್ಕೂ ಕರೀತಾರಂತೆ ಕಣ್ರೀ" ಎಂದು ನಾನು ಹಾಲು ತರಲು ಹೋಗುವಾಗ ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಸಿನಿಮಾ ಶುಕ್ರವಾರ ಬಿಡುಗಡೆಯಾಯಿತು. ಬೀದಿಯವರೆಲ್ಲ ಸೇರಿ ಸನ್ಮಾನ ಮಾಡುವುದೆಂದು ನಿಶ್ಚಯಿಸಿದೆವು. ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ನಮ್ಮ ತಾರಸಿಯಲ್ಲಿ ಅವರದೇ ಸಿನಿಮಾ. ಇದು ಸರಿಯಾದೀತೇ ಎಂದು ನನಗಾದರೂ ಹೊಳೆಯಬೇಕಿತ್ತು. ಸಂಭ್ರಮದಲ್ಲಿ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸಿನಿಮಾ ಇಳಿಸಲು ಹಾಕಿದೆ. ಅರ್ಧಕ್ಕೆ ನಿಂತಿತು. ಮತ್ತೆ ತೆರೆದರೆ ಇಂಗ್ಲಿಷಿನಲ್ಲಿ ಒಂದು ನೋಟೀಸು. ನನಗೆ ಗೊತ್ತಿದ್ದ ಎಲ್ಲ ಹೆಸರುಗಳಲ್ಲೂ ಹುಡುಕಿದೆ. ಎಲ್ಲ ಕಡೆಯೂ ಅದೇ ನೋಟೀಸು.

ಸಂಜೆ ತಾರಸಿ ತುಂಬಿತು. ಹಾರ ಹಾಕಿದ್ದಾಯಿತು, ಶಾಲು ಹೊದಿಸಿದ್ದಾಯಿತು. ಎಲ್ಲರೂ ಪಂಚೆಯ ಕಡೆ ತಿರುಗಿ ಕುಳಿತರು.

"ನೆಟ್ ಹೋಗಿದೆ" ಎಂದೆ.

"ನಮ್ಮನೇಲಿ ಬರ್ತಾ ಐತಲ್ಲ" ಎಂದರು ಪಕ್ಕದ ಮನೆಯವರು.

ಗಾಬರಿಯಲ್ಲಿ ಏನೋ ಒತ್ತಿದೆ. ಆ ನೋಟೀಸು ಪಂಚೆಯ ಮೇಲೆ ಅಡ್ಡಡ್ಡ ಮೂಡಿತು.

"ಏನಂತೆ ಅದು? ಕನ್ನಡದಲ್ಲಿ ಹೇಳಿ ಯಜಮಾನ್ರೇ" ಎಂದರು ಅಮ್ಮ.

"ಕೋರ್ಟಿನವರು ಇದನ್ನ ಮುಚ್ಚಿಸಿದ್ದಾರಂತೆ."

"ಯಾಕಂತೆ?"

"ಇಲ್ಲಿ ನೋಡಿದ್ರೆ ಸಿನಿಮಾದವರಿಗೆ ಅನ್ಯಾಯ ಆಗುತ್ತಂತೆ."

"ಸಿನಿಮಾದವರು ಅಂದ್ರೆ ಯಾರು?"

"ನೀವು" ಎಂದೆ. ಇಷ್ಟು ವರ್ಷ ನೆಟ್ಟಲ್ಲಿ ಬರುತ್ತದೆ ಎಂದಿದ್ದೆಲ್ಲ ಕದ್ದದ್ದೇ ಎಂದು ಅಲ್ಲೇ, ಎಲ್ಲರೆದುರು ಒಪ್ಪಿಕೊಂಡೆ.

ಅಮ್ಮ ಹಾರವನ್ನು ಒಮ್ಮೆ ನೋಡಿಕೊಂಡರು. "ಅಲ್ರೀ, ನನ್ನ ಪಿಚ್ಚರ್ ಕದ್ದು ನನ್ನನ್ನೇ ಮುಖ್ಯ ಅತಿಥಿ ಮಾಡಿದ್ರಾ?" ಎಂದರು. ಆಮೇಲೆ ಕಂಪನಿ ನಾಟಕದ ಗಂಟಲಿನಲ್ಲಿ ನಗತೊಡಗಿದರು. ತಾರಸಿಯೆಲ್ಲ ನಕ್ಕಿತು. ನನ್ನೊಬ್ಬನನ್ನು ಬಿಟ್ಟು.

"ಜನ ಇಲ್ಲ ಅಂತ ಗುರುವಾರಕ್ಕೆ ಪಿಚ್ಚರ್ ತೆಗೀತಾರಂತೆ. ಏಳಿ ಎಲ್ಲಾ, ಥಿಯೇಟರ್‌ಗೇ ಹೋಗೋಣ" ಎಂದರು ಅಮ್ಮ.

ಸಿಟಿ ಬಸ್ಸಿನಲ್ಲಿ ಅರ್ಧ ನಮ್ಮದೇ ಬೀದಿ. ಥಿಯೇಟರಿನ ಗೇಟಿನವನು "ಎಲ್ಲಿಂದ ಬಂದ್ಬುಟ್ರಿ ಇಷ್ಟೊಂದ್ ಜನ, ಮದುವೆ ಮನೆ ತಪ್ಪೋಯ್ತಾ?" ಎಂದ. ಅಜ್ಜಿ ಪರದೆಯ ಮೇಲೆ ಬಂದದ್ದೇ ತಡ, ಶಿಳ್ಳೆಯೋ ಶಿಳ್ಳೆ. ನನ್ನ ಹೆಂಡತಿಗೆ ಶಿಳ್ಳೆ ಹೊಡೆಯಲು ಬರುತ್ತದೆಂದು ಅಂದೇ ನನಗೆ ಗೊತ್ತಾದದ್ದು. "ಸುಮ್ನಿರ್ರೋ, ನನ್ನ ಮಾತು ನನಗೇ ಕೇಳಿಸ್ತಿಲ್ಲ" ಎಂದು ಅಮ್ಮ ಕತ್ತಲಲ್ಲೇ ಗದರಿದರು.

ಮಾರನೆಯ ದಿನದಿಂದ ನಾನು ವಿಜಯನಗರದ ನೆಂಟರಿಂದ ಹಿಡಿದು ಹಳೆಯ ಕಾರ್ಖಾನೆಯ ಗೆಳೆಯರವರೆಗೆ ಎಲ್ಲರ ಮನೆ ಬಾಗಿಲಿಗೂ ಹೋಗಿ, ಮದುವೆಗೆ ಕರೆದಂತೆ ಸಿನಿಮಾಕ್ಕೆ ಕರೆದೆ. ಗುರುವಾರ ಅದನ್ನು ತೆಗೆಯಲಿಲ್ಲ. ಇನ್ನೊಂದು ವಾರ ಓಡಿತು.

ಈಗ ಅಮ್ಮನಿಗೆ ಮುಂದಿನ ಪಾತ್ರ ಸಿಕ್ಕಿದೆ: ಅಳಿಯನನ್ನು ಬೈಯುವ ಅತ್ತೆ. ಅಭ್ಯಾಸಕ್ಕೆ ನಾನೇ ಅಳಿಯ. ದಿನವೂ ಅವರ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂರುತ್ತೇನೆ. ಬೀದಿಗೆಲ್ಲ ಕೇಳುವಂತೆ ಬೈಯುತ್ತಾರೆ. ಒಂದೊಂದು ಬೈಗುಳವೂ ನನಗೆ ಸಲ್ಲತಕ್ಕದ್ದೇ ಅನ್ನಿಸಿ ಮನಸ್ಸು ಹಗುರಾಗುತ್ತದೆ. ನನ್ನ ಹೆಂಡತಿಯೋ ನಮ್ಮ ಬಾಗಿಲಲ್ಲಿ ನಿಂತು, "ಅಮ್ಮಾ, ಆ ಕೊನೇದು ಇನ್ನೊಂದ್ ಸಲ ಹೇಳಿ, ಚೆನ್ನಾಗಿತ್ತು" ಎನ್ನುತ್ತಾಳೆ.