ಸೊಟ್ಟ ಅಂಚಿನ ಗಂಗಾಳ

ಕಲಬುರಗಿಯ ನಮ್ಮ ಶಹಾಬಜಾರದ ಮನೆಯಲ್ಲಿ ನಾನು ಉಣ್ಣುವ ಹಿತ್ತಾಳೆಯ ಗಂಗಾಳದ ಅಂಚು ಒಂದು ಕಡೆ ಸೊಟ್ಟಗಿದೆ. ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗುವ ನನ್ನ ಹೆಂಡತಿಗೆ ಅದನ್ನು ಕಂಡರಾಗದು; ಕಂಚುಗಾರನಿಂದ ಬಡಿಸಿ ನೆಟ್ಟಗೆ ಮಾಡಿಸುತ್ತೇನೆಂದು ವರ್ಷಕ್ಕೆರಡು ಸಲವಾದರೂ ಹಟ ಹಿಡಿಯುತ್ತಾಳೆ. ನಾನು ಕೊಡುವುದಿಲ್ಲ. ಯಾಕೆಂದು ಆಕೆಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ, ಕೇಳಿ.

ನಾನು ಹುಟ್ಟಿದ್ದು ಕಮಲಾಪುರದಲ್ಲಿ. ಆರು ವರ್ಷದವನಿದ್ದಾಗ ಹಡೆದವ್ವ ತೀರಿಹೋದಳು. ವರ್ಷ ತುಂಬುವುದರೊಳಗೆ ಅಪ್ಪ ಇನ್ನೊಬ್ಬಾಕೆಯನ್ನು ಮದುವೆಯಾಗಿ ತಂದ. ಚಿಗವ್ವ ಅನ್ನು ಅಂದರು, ನಾನು ಏನೂ ಅನ್ನಲಿಲ್ಲ. ಮಲತಾಯಂದಿರ ವಿಷಯ ನನಗೆ ಗೊತ್ತಿಲ್ಲದ್ದೇ? ಓಣಿಯ ಮುದುಕಿಯರ ಕತೆಗಳಲ್ಲೆಲ್ಲ ಅವರು ರೊಟ್ಟಿಯಲ್ಲಿ ವಿಷ ಇಡುವವರೇ. ಆಕೆ ಮುಟ್ಟಿದ್ದನ್ನು ನಾನು ಮುಟ್ಟಲಿಲ್ಲ. ನೆರೆಯವರು ಕೊಟ್ಟ ರೊಟ್ಟಿಚೂರು, ತೋಟದಿಂದ ಯಾರೋ ತಂದ ಕೆಂಬಾಳೆ, ಇಷ್ಟರಲ್ಲೇ ದಿನ ನೂಕುತ್ತ ಎಲುಬಿನ ಹಂದರವಾದೆ. ಅಪ್ಪ ಹೊಡೆದು ನೋಡಿದ, ವೈದ್ಯ ಬೇರು ತೇದು ಕುಡಿಸಿದ. ಹುಡುಗ ಉಳಿಯುವುದಿಲ್ಲವೆಂದು ಓಣಿಯಲ್ಲಿ ಗುಸುಗುಸು ಎದ್ದಿತು.

ಒಂದು ಮಧ್ಯಾಹ್ನ ಚಿಗವ್ವ ಎದುರಿಗಿಟ್ಟ ಗಂಗಾಳವನ್ನು ಒದ್ದೆ. ಅದು ಹೊಸ್ತಿಲ ಕಲ್ಲಿಗೆ ಬಡಿದು ಸೊಟ್ಟಾಯಿತು. ಆಕೆ ಬೈಯಲಿಲ್ಲ. ಚೆಲ್ಲಿದ ಬೇಳೆ ಬಳಿದು, ಮತ್ತೆ ರೊಟ್ಟಿ ಇಟ್ಟು, ದೂರ ಕೂತು, ಗೋಡೆಗೆ ಹೇಳುವವಳಂತೆ ಒಂದು ಕತೆ ಶುರುಮಾಡಿದಳು. ಒಂದೂರಲ್ಲಿ ಒಬ್ಬ ಮಲತಾಯಿಯಂತೆ. ಅಬ್ಬಬ್ಬಾ, ಎಂಥ ಕೆಟ್ಟವಳು! ಓಣಿಯ ಯಾವ ಮುದುಕಿಯ ಕತೆಯಲ್ಲೂ ಅಂಥವಳಿರಲಿಲ್ಲ. ಕೋರೆಹಲ್ಲು, ಕೆದರಿದ ಕೂದಲು; ಮೂಗಿನ ಮೇಲಿನ ಕರಿಮಚ್ಚೆ ಮಾತ್ರ ಸಾಕ್ಷಾತ್ ಚಿಗವ್ವನದೇ. ಕೊನೆಗೆ ನನ್ನತ್ತ ತಿರುಗಿ ಕೇಳಿದಳು:

“ಈಗ ಆಕೀನ ಏನು ಮಾಡೂನು?”

“ಬಾವಿಗಿ ನೂಕು.”

“ನೂಕಿದೆ. ಮುಳುಗಿದಳು. ಇನ್ನ ರೊಟ್ಟಿ ಮುರಿ.”

ನಾನು ರೊಟ್ಟಿ ಮುರಿದೆ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಬಾಗಿಲಲ್ಲಿ ನಿಂತು ಗದರಿದಳು. ನಮ್ಮಲ್ಲಿ ಹಗಲು ಕತೆ ಹೇಳುವುದಿಲ್ಲ. ಹೇಳಿದರೆ ಕೇಳುವ ಮಗುವಿನ ಸೋದರಮಾವ ಹಾದಿ ತಪ್ಪುತ್ತಾನೆಂದು ನಂಬಿಕೆ. ನನ್ನ ಹಡೆದವ್ವನಿಗೆ ಅಣ್ಣತಮ್ಮಂದಿರಿರಲಿಲ್ಲ. ಚಿಗವ್ವನಿಗೆ ಒಬ್ಬನೇ ಅಣ್ಣ, ನನಗೆ ಸೋದರಮಾವನೆಂದರೆ ಇನ್ನು ಅವನೇ; ಅವನು ಅಂದೇ ಕಲಬುರಗಿಯಿಂದ ಮಹಾಗಾಂವದ ಹಾದಿ ಹಿಡಿದು ನಡೆದು ಬರುವವನಿದ್ದ. ಆಕೆಯ ಮುಖ ಸಣ್ಣದಾಯಿತು. ನನ್ನ ಕೈಯಲ್ಲಿನ ತುತ್ತು ನೋಡಿದಳು.

“ತಪ್ಪಿದ್ರ ನಮ್ಮಣ್ಣ ತಪ್ಪಲಿ, ಆಯಿ. ಇಂವಾ ಉಣ್ಣಲಿ,” ಅಂದವಳು ಇನ್ನೊಂದು ಕತೆ ಎತ್ತಿಕೊಂಡಳು.

ನಾನು ಉಂಡೆ.

ಈಗ ಉರ್ದು ಶಾಲೆಯ ಮಾಸ್ತರನಾಗಿರುವ ನನಗೆ ಮೊನ್ನೆ ಜೊತೆಯ ಮೌಲವಿ ಸಾಹೇಬರು ಒಂದು ಮಾಸಪತ್ರಿಕೆ ಓದಲು ಕೊಟ್ಟರು. ವಿಲಾಯಿತಿ ಕಡೆಯ ಮನೋವೈದ್ಯರ ವಿಚಾರ ಅದರಲ್ಲಿತ್ತು. ಅರಿವಿಗೆ ನಿಲುಕದ ಒಳಮನಸ್ಸೊಂದಿದೆ, ಉರ್ದುವಿನಲ್ಲಿ ಅದಕ್ಕೆ ಲಾಶುವೂರ್ ಅನ್ನುತ್ತಾರೆ. ಮಗು ಆ ಕತ್ತಲಕೋಣೆಯಲ್ಲಿ ತಾಯಿಯನ್ನು ಇಬ್ಬರನ್ನಾಗಿ ಮಾಡಿಕೊಂಡು, ಸಿಟ್ಟನ್ನೆಲ್ಲ ಕತೆಯ ರಕ್ಕಸಿಯ ಮೇಲೆ ಸುರಿದು, ಪ್ರೀತಿಯನ್ನು ಮನೆಯವಳಿಗೆ ಉಳಿಸಿಕೊಳ್ಳುತ್ತದಂತೆ. ಓದುತ್ತ ನನ್ನನ್ನೇ ಕೇಳಿಕೊಂಡೆ: ನನ್ನ ಸಿಟ್ಟು ಚಿಗವ್ವನ ಮೇಲಿತ್ತೋ, ಒಂದು ಮಾತೂ ಹೇಳದೆ ಹೋಗಿಬಿಟ್ಟ ಹಡೆದವ್ವನ ಮೇಲಿತ್ತೋ? ಹಡೆದವಳನ್ನು ಬೈಯಲು ಬಾಯಿ ಬರದೆ, ಬಂದವಳ ಗಂಗಾಳ ಒದ್ದೆನೇನೋ.

ವೈದ್ಯರು ದೊಡ್ಡವರು, ಅವರ ಮಾತು ದಿಟವೇ ಇರಬೇಕು. ಆದರೆ ಬಾವಿಗೆ ಬೀಳುವ ಪಾಳಿ ಯಾರದೆಂದು ಅವರು ಬರೆದಿಲ್ಲ. ಅಕ್ಷರ ಬಾರದ ಹೆಣ್ಣೊಬ್ಬಳು ತನ್ನ ಮಚ್ಚೆಯ ಸಮೇತ ತಾನೇ ಬಾವಿಗೆ ಬಿದ್ದು ನನ್ನ ಕೈ ಗಂಗಾಳಕ್ಕೆ ತಂದಳು. ಅಣ್ಣನನ್ನೂ ಪಣಕ್ಕಿಟ್ಟಳು. ಆಕೆಯ ಋಣ ನನ್ನ ಮೈಯ ರಕ್ತದಲ್ಲಿದೆ.

ಆ ಮಧ್ಯಾಹ್ನವೆಲ್ಲ ಆಕೆ ಬಾಗಿಲಿಗೂ ಒಲೆಗೂ ತಿರುಗಾಡಿದಳು. ಹೊತ್ತು ಮುಳುಗುವಾಗ ಓಣಿಯ ತಿರುವಿನಲ್ಲಿ ಧೂಳುಗಾಲಿನ ಗಂಡಸೊಬ್ಬ ಕಂಡ. ಮೊದಲು ಕಂಡವನು ನಾನು. ಒಳಗೋಡಿ ಆಕೆಯ ಸೆರಗು ಜಗ್ಗಿ ಅಂದೆ: “ಅವ್ವಾ, ಮಾವ ಬಂದಾನ.”

ಈಗಲೂ ತುತ್ತು ಎತ್ತುವ ಮೊದಲು ನನ್ನ ಹೆಬ್ಬೆರಳು ಆ ಸೊಟ್ಟ ಅಂಚನ್ನು ಒಮ್ಮೆ ಸವರುತ್ತದೆ.