ಜವಳದ ದಿನ ಒದ್ದೆಯಾದ ಪಂಚೆ

ನನ್ನ ಹೊಟ್ಟೆಯ ಬಲಗಡೆ ಒಂದು ಪುಟ್ಟ ಕೆಂಪು ಬಾಯಿ ಇದೆ. ಕ್ಯಾನ್ಸರ್ ಬಂದ ಮೂತ್ರಕೋಶವನ್ನು ತೆಗೆದ ಡಾಕ್ಟರು, ನನ್ನದೇ ಕರುಳಿನ ತುಂಡೊಂದನ್ನು ಬಳಸಿ ಮೂತ್ರಕ್ಕೆ ಆ ದಾರಿ ಮಾಡಿಕೊಟ್ಟರು. ಅದು ನನ್ನನ್ನು ಕೇಳದೆ ಹಗಲೂ ರಾತ್ರಿ ತೊಟ್ಟಿಕ್ಕುತ್ತಿರುತ್ತದೆ. ಮೇಲೆ ಅಂಟಿಸಿದ ಚೀಲ ತುಂಬಿದಾಗ ತುದಿಯ ನಲ್ಲಿ ತಿರುಗಿಸಿ ಖಾಲಿ ಮಾಡುವುದಷ್ಟೇ ನನ್ನ ಉದ್ಯೋಗ. ಇದರಲ್ಲೂ ಸುಖವಿದೆ ಸ್ವಾಮಿ. ಹಿರಿಯೂರಿನಲ್ಲಿ ಹೈವೇ ಬಸ್ಸು ಹತ್ತಿದರೆ, ಎಲ್ಲಿ ನಿಲ್ಲಿಸ್ತೀರಿ ಎಂದು ಕಂಡಕ್ಟರನ ಜೀವ ತಿನ್ನುವ ಗಂಡಸರ ನಡುವೆ ನಾನೊಬ್ಬ ಮಹಾರಾಜನ ಹಾಗೆ ಕೂತಿರುತ್ತೇನೆ.

ಕಷ್ಟವಿರುವುದು ಚೀಲ ಅಂಟಿಸುವುದರಲ್ಲಿ. ಸುತ್ತಲಿನ ಚರ್ಮವನ್ನು ಬರೀ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಅಂಟಿಸಬೇಕು. ಎಣ್ಣೆ, ಪೌಡರು ಏನೂ ಸೋಕಿಸಬಾರದು ಎಂದು ನರ್ಸಮ್ಮ ಬೆರಳಾಡಿಸಿ ಹೇಳಿದ್ದರು. ನಾನೋ ಹುಟ್ಟಾ ತೆಂಗಿನಕಾಯಿ ವ್ಯಾಪಾರದವನು. ತಲೆನೋವು, ಸುಟ್ಟಗಾಯ, ತುಕ್ಕು ಹಿಡಿದ ಬೀಗ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಒಂದೇ ಔಷಧಿ: ಕೊಬ್ಬರಿ ಎಣ್ಣೆ.

ತಂಗಿಯನ್ನು ತುರುವನೂರಿಗೆ ಕೊಟ್ಟಿದ್ದೇವೆ. ಬಹಳ ವರ್ಷ ಕಾದು ಹೆತ್ತ ಮಗನಿಗೆ ಅವಳು ಜವಳ ಇಟ್ಟುಕೊಂಡಳು. ನಮ್ಮಲ್ಲಿ ಮೊದಲ ಕೂದಲು ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಅವಳಿಗಿರುವ ಅಣ್ಣ ನಾನೊಬ್ಬನೇ. ಚೀಲದ ವಿಷಯ ತಂಗಿಗೆ ಗೊತ್ತು, ಅವಳ ಗಂಡನ ಮನೆಯವರಿಗೆ ಗೊತ್ತಿಲ್ಲ. ಗೊತ್ತಾದರೆ ಮಗುವನ್ನು ನನ್ನ ತೊಡೆಗೆ ಕೊಡಲಾರರು ಎಂದು ನನಗೆ ಹೆದರಿಕೆ.

ಆ ಬೆಳಿಗ್ಗೆ ಚೀಲ ಬದಲಿಸಲು ಕೂತರೆ ಚರ್ಮ ಕೆಂಪಗಾಗಿ ಉರಿಯುತ್ತಿತ್ತು. ಕೈ ಸುಮ್ಮನಿರಬೇಕಲ್ಲ! ನರ್ಸಮ್ಮ ಎದುರಿಗಿಲ್ಲ ಎಂಬ ಧೈರ್ಯದಲ್ಲಿ ಎಣ್ಣೆ ಸವರಿದೆ. ಹಾಯೆನಿಸಿತು. ಇನ್ನಷ್ಟು ಸವರಿ, ಮೇಲೆ ಚೀಲ ಅಂಟಿಸಿ, ಬಿಳಿ ಪಂಚೆ ಉಟ್ಟು ಠೀವಿಯಿಂದ ಹೊರಟೆ.

ಅರ್ಧ ತಲೆ ಬೋಳಾಗುವವರೆಗೆ ಎಲ್ಲವೂ ಚೆಂದವಿತ್ತು. ಆಮೇಲೆ ಮಗು ಕೊಸರಾಡಿ ನನ್ನ ಹೊಟ್ಟೆಗೆ ಒದೆಯಿತು. ಚೀಲ ಜಾರಿ ತೊಡೆ ಬೆಚ್ಚಗಾಯಿತು, ಪಂಚೆ ಒದ್ದೆಯಾಯಿತು. ಅಳಿಯ ಮಾವನಿಗೆ ಅಭಿಷೇಕ ಮಾಡಿದ ಎಂದು ಎಲ್ಲರೂ ನಗಾಡಿದರು. ನಾನೂ ಜೋರಾಗಿ ನಕ್ಕೆ. ಹಾಲುಗಲ್ಲದ ಮಗುವಿನ ಮೇಲೆ ಅಪವಾದ ಹೊರಿಸಲು ನನಗೆ ಸ್ವಲ್ಪವೂ ಸಂಕೋಚವಾಗಲಿಲ್ಲ. ಆದರೆ ತಂಗಿಯ ಅತ್ತೆ, ಬಟ್ಟೆ ಬದಲಿಸಲೆಂದು ಮಗುವನ್ನು ಎತ್ತಿಕೊಂಡವರು, ಚಡ್ಡಿ ಮುಟ್ಟಿ ನೋಡಿದರು.

"ಇವನ ಚಡ್ಡಿ ಒಣಗೇ ಐತಲ್ಲ," ಎಂದರು.

ನಗು ನಿಂತಿತು. ಎಲ್ಲರ ಕಣ್ಣೂ ನನ್ನ ಪಂಚೆಯ ಮೇಲೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಪರೇಷನ್ ಆಗಿದೆ, ಹೊಟ್ಟೆಗೆ ಕಟ್ಟಿದ ಮೂತ್ರದ ಚೀಲ ಜಾರಿದೆ ಎಂದು ಒದರಿ, ಬಸ್ಸು ಹಿಡಿಯಲು ಚಪ್ಪಲಿ ಹುಡುಕತೊಡಗಿದೆ. ಯಾರೋ ಹಿರಿಯರು, ಉಳಿದರ್ಧಕ್ಕೆ ಮಗುವನ್ನು ಅದರ ದೊಡ್ಡಪ್ಪನ ತೊಡೆ ಮೇಲೆ ಕೂರಿಸಿದರಾಯಿತು ಎಂದರು. ಅವರು ಕೆಟ್ಟ ಮನಸ್ಸಿನಿಂದೇನೂ ಹೇಳಲಿಲ್ಲ.

ತಂಗಿ ಅತ್ತೆಯ ಕೈಯಿಂದ ಮಗುವನ್ನು ಎತ್ತಿಕೊಂಡಳು.

"ನಮ್ಮಣ್ಣ ಇಲ್ಲ ಅಂದ್ರೆ ಇವ್ನು ಹಿಂಗೇ ಅರ್ಧ ಬೋಳು ತಲೇಲೇ ಇರ್ಲಿ. ಇಸ್ಕೂಲಿಗೂ ಹಿಂಗೇ ಕಳಿಸ್ತೀನಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಹೋಗಣ್ಣ, ತೊಳ್ಕಂಡು ಬಾ. ನಾವೆಲ್ಲ ಇಲ್ಲೇ ಕುಂತಿರ್ತೀವಿ."

ಬಚ್ಚಲಲ್ಲಿ ಜಿಡ್ಡು ಹೋಗುವವರೆಗೆ ತೊಳೆದೆ. ತೊಟ್ಟಿಕ್ಕುವ ಬಾಯಿಗೆ ಬಟ್ಟೆಯ ಸುರುಳಿ ಒತ್ತಿ ಹಿಡಿದು ಚರ್ಮ ಒಣಗಿಸಿದೆ. ಜೊತೆಗೆ ತಂದಿದ್ದ ಹೊಸ ಚೀಲ ಅಂಟಿಸಿ, ಅದು ಗಟ್ಟಿಯಾಗಿ ಹಿಡಿಯಲೆಂದು ಅಂಗೈ ಒತ್ತಿಕೊಂಡು ನಿಂತೆ. ಇಷ್ಟು ಹೊತ್ತು ಯಾರು ಕಾಯುತ್ತಾರೆ, ಕೆಲಸ ಮುಗಿಸಿ ಊಟಕ್ಕೆ ಕೂತಿರುತ್ತಾರೆ ಎಂದುಕೊಂಡೆ.

ತಂಗಿಯ ಗಂಡನ ಲುಂಗಿ ಸುತ್ತಿಕೊಂಡು ಹೊರಗೆ ಬಂದರೆ ಒಬ್ಬರೂ ಎದ್ದಿರಲಿಲ್ಲ. ಕ್ಷೌರದವನು ಕತ್ತಿ ಹಿಡಿದೇ ಕೂತಿದ್ದ. ಅರ್ಧ ಬೋಳು ತಲೆಯ ಅಳಿಯ ಬಿಸ್ಕತ್ತು ಚೀಪುತ್ತಿದ್ದ. ತಂಗಿಯ ಅತ್ತೆ ಕಂಬಳಿ ಕೊಡವಿ ಹಾಸಿ, "ಕುಂತ್ಕಳ್ರಿ," ಎಂದು ತಾವೇ ಮಗುವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟರು. ನನ್ನಿಂದಾಗಿ ಅಷ್ಟು ಜನ ಹಸಿದು ಕೂತಿದ್ದಕ್ಕೆ ನಾಚಿಕೆಯಾಗಬೇಕಿತ್ತು. ನನಗೆ ಅಳು ಬರುವಷ್ಟು ಖುಷಿಯಾಯಿತು.