ಓದಲು ಬಾರದು ಎಂದ ದಿನ

ನನಗೆ ಅಕ್ಷರ ಕಲಿಸಿದವಳು ಅಕ್ಕ. ನಾನು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟು ಅಮ್ಮನ ಜೊತೆ ದೋಸೆ ಹುಯ್ಯಲು ನಿಂತವಳು. ಅಪ್ಪ ಮಂಡ್ಯದಿಂದ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋಗಿ ನೆಲೆಸಿದ ಒಂದು ದ್ವೀಪದ ದೇಶದಲ್ಲಿ ನಾವಿದ್ದೆವು. ಅಕ್ಕ ಅಲ್ಲೇ ಟೀಚರಾದಳು. ಸಂಜೆ ನನ್ನ ಪುಟ್ಟ ಹೋಟೆಲಿಗೆ ಬಂದು, ಹಿಟ್ಟಿನ ಚೀಲ, ಎಣ್ಣೆ ಡಬ್ಬ, ಬೆಂಕಿಪೊಟ್ಟಣ ಎಲ್ಲ ಮುಂದಿಟ್ಟು ಓದಿಸುತ್ತಿದ್ದಳು. ನಾನು ಓದುವವರೆಗೂ ತನ್ನ ಕಾಫಿ ಮುಟ್ಟುತ್ತಿರಲಿಲ್ಲ.

"ಡಬ್ಬ ಓದ್ದೇ ಇದ್ರೆ ಒಂದಿನ ಸೀಮೆಎಣ್ಣೇಲಿ ದೋಸೆ ಹುಯ್ತೀಯ ಕಣೆ!" ಎನ್ನುತ್ತಿದ್ದಳು.

ನಾನು ಪೇಪರಿನ ತಲೆಬರಹ ಓದಿದ ದಿನ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಆ ವರ್ಷದ ಪಾರ್ಲಿಮೆಂಟ್ ಚುನಾವಣೆಗೆ ಸರ್ಕಾರ ಮತಪತ್ರದಿಂದ ಚಿಹ್ನೆಗಳನ್ನೆಲ್ಲ ತೆಗೆಸಿತು. ಬರೀ ಹೆಸರು. ಓದಲು ಬಾರದವರ ಪರವಾಗಿ ಮುದ್ರೆ ಒತ್ತಲು ಬೂತಿನಲ್ಲಿ ಸಹಾಯಕರನ್ನು ಇಟ್ಟರು. ಅವರೆಲ್ಲ ಆಳುವ ಪಕ್ಷದವರೇ. ಸರ್ಕಾರದ ವಿರುದ್ಧ ಮಾತಾಡಿ ಅಕ್ಕನ ಶಾಲೆಯ ಇಬ್ಬರು ಮೇಷ್ಟ್ರು ಆಗಲೇ ಜೈಲಿನಲ್ಲಿದ್ದರು. ಆದರೂ ಅಕ್ಕ ವಿರೋಧ ಪಕ್ಷದ ಏಜೆಂಟಾಗಿ ಬೂತಿನಲ್ಲಿ ಕೂರಲು ಒಪ್ಪಿದಳು.

ಹಿಂದಿನ ದಿನ ಆಳುವ ಪಕ್ಷದ ಬೀದಿ ಮುಖಂಡ ನನ್ನ ಹೋಟೆಲಿಗೆ ಬಂದು ದೋಸೆ ತಿಂದ. ಕೈ ಒರೆಸಿಕೊಳ್ಳುತ್ತಾ, "ನಾಳೆ ಓದಕ್ಕೆ ಬರಲ್ಲ ಅಂದೋರ ಅಂಗಡಿ ಉಳಿಯುತ್ತೆ ಅಮ್ಮ. ಚಟ್ನಿ ಚೆನ್ನಾಗಿತ್ತು" ಎಂದ.

ಬೆಳಗ್ಗೆ ಸಾಲಿನಲ್ಲಿ ನನ್ನ ಮುಂದಿದ್ದ ಬ್ಯಾಂಕಿನ ಗುಮಾಸ್ತನೂ ಓದಲು ಬರುವುದಿಲ್ಲ ಎಂದ. ಯಾರೂ ನಗಲಿಲ್ಲ. ಅಕ್ಕ ಮಾತ್ರ ಬೆಂಚಿನಿಂದ ಎದ್ದು, ಇವರಿಗೆ ಬರುತ್ತದೆ ಎಂದು ಆಕ್ಷೇಪಿಸಿದಳು. ಅವಳ ಪಕ್ಕದಲ್ಲಿ ನಾನು ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ. ನನ್ನ ಸರದಿ ಬಂದಾಗ ಅವಳ ಕಡೆ ನೋಡದೆ, "ಓದಕ್ಕೆ ಬರಲ್ಲ" ಎಂದೆ.

ಅಧಿಕಾರಿ ಅಕ್ಕನತ್ತ ತಿರುಗಿದ. "ನಿಮ್ಮ ತಂಗಿ ಅಲ್ವಾ? ಆಕ್ಷೇಪಣೆ ಇದ್ರೆ ಹೇಳಿ."

ಅಕ್ಕ ಏಳಲಿಲ್ಲ. "ಬರಲ್ಲ" ಎಂದಳು. "ಎಷ್ಟು ಕಲಿಸಿದ್ರೂ ಅವಳ ತಲೆಗೆ ಹತ್ಲಿಲ್ಲ."

ಸಹಾಯಕ ನನ್ನ ಮತಕ್ಕೆ ಮುದ್ರೆ ಒತ್ತಿದ. ನನ್ನ ಹೋಟೆಲು ಉಳಿಯಿತು, ಅಕ್ಕನ ಕೆಲಸ ಹೋಯಿತು. ಆಮೇಲೆ ಆ ದೇಶದಲ್ಲಿ ಚುನಾವಣೆಯೇ ನಡೆಯಲಿಲ್ಲ. ಅಕ್ಕ ಆಕ್ಲೆಂಡಿಗೆ ಬಂದು, ಕೆಲವು ವರ್ಷಗಳ ಮೇಲೆ ನನ್ನನ್ನೂ ಕರೆಸಿಕೊಂಡಳು. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಆಕ್ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯಲ್ಲಿ ಒಂದೇ ಮನೆಯಲ್ಲಿದ್ದೇವೆ. ಸಕ್ಕರೆ ಕಾಯಿಲೆ ಅಕ್ಕನ ಕಣ್ಣು ತಿಂದಿದೆ. ಬಸ್ಸಿನ ಬೋರ್ಡು, ಡೇರಿಯಿಂದ ತಂದ ಹಾಲಿನ ತಾರೀಕು, ಎಲ್ಲ ನಾನೇ ಓದಿ ಹೇಳಬೇಕು. ನಿಧಾನಿಸಿದರೆ, "ಬಸ್ಸು ಹೋದ್ಮೇಲೆ ಹೇಳು" ಎನ್ನುತ್ತಾಳೆ.

ಕಳೆದ ಚುನಾವಣೆಗೆ ಇಲ್ಲಿನ ಶಾಲೆಯ ಹಾಲ್‌ಗೆ ಇಬ್ಬರೂ ಹೋದೆವು. ಮತಪತ್ರ ಕೊಟ್ಟ ಹುಡುಗಿ ಅಕ್ಕನ ಕೈಕೋಲು ನೋಡಿ, ಓದಿ ಹೇಳಲು ಯಾರಾದರೂ ಬೇಕೇ ಎಂದು ಕೇಳಿದಳು.

"ಮೈ ಸಿಸ್ಟರ್ ರೀಡ್ಸ್" ಎಂದಳು ಅಕ್ಕ, ಹಾಲ್‌ಗೆಲ್ಲ ಕೇಳುವಂತೆ. "ವೆರಿ ವೆಲ್."

ರಟ್ಟಿನ ಮರೆಯ ಹಿಂದೆ ನಿಂತು ಮತಪತ್ರ ಬಿಡಿಸಿದೆ. "ಅಕ್ಕಾ, ಅವತ್ತು ನಾನು..."

"ಗೊತ್ತು ಕಣೆ. ಅವತ್ತು ಬೆಳಗ್ಗೆ ಒಂದು ತುತ್ತು ಬಾಯಿಗಿಟ್ಟಾಗ್ಲೇ ಗೊತ್ತಾಯ್ತು. ಚಿತ್ರಾನ್ನಕ್ಕೆ ಉಪ್ಪೇ ಹಾಕಿರ್ಲಿಲ್ಲ ನೀನು. ಎಷ್ಟು ಹೆದ್ರಿದ್ಯೋ ಅಂದ್ಕೊಂಡೆ."

"ನಿನ್ನ ತಲೆ ತಗ್ಗಿಸ್ಬಿಟ್ಟೆ."

"ಹೂಂ, ತಗ್ಗಿಸ್ದೆ." ಅವಳು ಕೈಕೋಲನ್ನು ಮೇಜಿಗೆ ಒರಗಿಸಿದಳು. "ಗುಮಾಸ್ತನಿಗೆ ಎದ್ದೋಳು ನಿಂಗೆ ಏಳ್ಲಿಲ್ಲ ನಾನು. ಅದು ನಿನ್ನ ತಪ್ಪಲ್ಲ, ನಂದು. ಈಗ ಓದು. ಎಲ್ಲಾ ಹೆಸ್ರೂ ಓದ್ಬೇಕು, ಒಂದೂ ಬಿಡ್ಬೇಡ."

ಮೊದಲ ಹೆಸರಿನ ಮೇಲೆ ಬೆರಳಿಟ್ಟು ಶುರು ಮಾಡಿದೆ. ಮೂರನೆಯದರಲ್ಲಿ ತಡವರಿಸಿದೆ.

"ಇನ್ನೊಂದ್ಸಲ" ಎಂದಳು ಅಕ್ಕ, ಹಿಟ್ಟಿನ ಚೀಲ ಓದಿಸುತ್ತಿದ್ದ ಕಾಲದ ದನಿಯಲ್ಲೇ. ಪಕ್ಕದ ಮರೆಯಿಂದ ಯಾರೋ ಕೆಮ್ಮಿದರು. ನಾನು ಮತ್ತೆ, ಈ ಸಲ ಗಟ್ಟಿಯಾಗಿ ಓದಿದೆ.